ಟ್ರಂಕಿನೊಳಗಿನ ದಶಕಗಳು: ಹಳೆಯ ಉಡುಪುಗಳನ್ನು ಗುರುತಿಸುವ, ಹುಡುಕುವ, ಉಳಿಸುವ ಬಗೆ

ಮುಂಬಯಿ ಮಹಾನಗರದ ಹಳೆಯ ಚಾಳುಗಳು ಒಂದೊಂದಾಗಿ ಉರುಳಿ ಅವುಗಳ ಸ್ಥಾನದಲ್ಲಿ ಗಗನಚುಂಬಿ ಕಟ್ಟಡಗಳು ಏಳುತ್ತಿರುವ ಈ ಕಾಲದಲ್ಲಿ, ನಮ್ಮ ಮನೆಗಳಿಂದ ಸದ್ದಿಲ್ಲದೆ ಕಣ್ಮರೆಯಾಗುತ್ತಿರುವ ವಸ್ತುವೊಂದಿದೆ. ಅದು ಹಿರಿಯರ ಟ್ರಂಕು ಮತ್ತು ಅದರೊಳಗೆ ಮಡಿಸಿಟ್ಟ ಬಟ್ಟೆಬರೆ. ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿ ಅಜ್ಜಿಯ ಇಳಕಲ್ ಸೀರೆ ಸ್ಟೀಲ್ ಪಾತ್ರೆಗೆ ವಿನಿಮಯವಾಗುತ್ತದೆ. ತಾಯಿಯ ಧಾರೆ ಸೀರೆ ಜರಿಯ ತೂಕಕ್ಕೆ ಮಾರಾಟವಾಗುತ್ತದೆ. ಅತ್ತೆಯ ವಾಯಲ್ ಸೀರೆ ನೆಲ ಒರೆಸುವ ಬಟ್ಟೆಯಾಗುತ್ತದೆ. ಅದೇ ಹೊತ್ತಿಗೆ ಅದೇ ಮನೆಯ ಮೊಮ್ಮಗಳು ‘ವಿಂಟೇಜ್’ ಎಂಬ ಹೆಸರಿನಲ್ಲಿ ಅಂಥದ್ದೇ ಸೀರೆಯನ್ನು ಮೊಬೈಲಿನಲ್ಲಿ ಹುಡುಕುತ್ತಿರುತ್ತಾಳೆ. ಈ ವಿಪರ್ಯಾಸವೇ ಪ್ರಸ್ತುತ ಲೇಖನಕ್ಕೆ ಪ್ರೇರಣೆ.

ಹಳೆಯ ಉಡುಪೆಂದರೆ ಕೇವಲ ಅಲಂಕಾರದ ಸಾಮಗ್ರಿಯಲ್ಲ, ಅದೊಂದು ದಾಖಲೆ. ಹೊರನಾಡ ಕನ್ನಡಿಗರ ಮಟ್ಟಿಗಂತೂ ಊರು ಬಿಟ್ಟು ಬಂದ ಹೆಣ್ಣುಮಕ್ಕಳು ಪತ್ರ, ದಿನಚರಿ ಬರೆದಿಟ್ಟದ್ದು ಕಡಿಮೆ. ಅವರು ಬಿಟ್ಟುಹೋದ ದಾಖಲೆಗಳಲ್ಲಿ ಬಹುಪಾಲು ಬಟ್ಟೆಯ ರೂಪದಲ್ಲಿಯೇ ಇದೆ. ಆ ದಾಖಲೆಯನ್ನು ಓದುವುದು ಹೇಗೆ, ಅಂಥ ಉಡುಪುಗಳು ಇಂದು ಎಲ್ಲಿ ನೋಡಲು, ಕೊಳ್ಳಲು ಸಿಗುತ್ತವೆ, ಕೈಯಲ್ಲಿರುವುದನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಲು ಯತ್ನಿಸಿದ್ದೇವೆ.

ಇಪ್ಪತ್ತು ಮತ್ತು ಮೂವತ್ತರ ದಶಕ: ಮೊಳದ ಲೆಕ್ಕದ ಕಾಲ

ಅಂದು ಸೀರೆಯ ಅಳತೆ ಹೇಳುತ್ತಿದ್ದುದು ಮೊಳದಲ್ಲಿ. ಹದಿನಾರು ಮೊಳವೆಂದರೆ ಎಂಟು ಗಜ. ಹದಿನೆಂಟು ಮೊಳವೆಂದರೆ ಒಂಬತ್ತು ಗಜ, ಅಂದರೆ ಇಂದಿನ ಲೆಕ್ಕದಲ್ಲಿ 8 ಮೀಟರಿಗೂ ತುಸು ಹೆಚ್ಚು. ಉತ್ತರ ಕರ್ನಾಟಕದಿಂದ ಬಂದ ಕುಟುಂಬಗಳ ಟ್ರಂಕಿನಲ್ಲಿ ಈ ಕಾಲದ ಪ್ರತಿನಿಧಿ ಇಳಕಲ್ ಸೀರೆ. ಮರಾಠಿ ನೆರೆಹೊರೆಯವರೂ ಅದನ್ನು ‘ಇರಕಲ್’ ಎಂದು ಕರೆದು ಅಷ್ಟೇ ಅಕ್ಕರೆಯಿಂದ ಉಟ್ಟರು. ಮೈ ಹತ್ತಿಯದು, ಸೆರಗು ರೇಷ್ಮೆಯದು. ಮೈಯ ಹಾಸುನೂಲನ್ನೂ ಸೆರಗಿನ ಹಾಸುನೂಲನ್ನೂ ಕುಣಿಕೆಗೆ ಕುಣಿಕೆ ಸೇರಿಸಿ ನೇಯುವುದು ಈ ಸೀರೆಯ ವೈಶಿಷ್ಟ್ಯ. ಕೆಂಪು ಸೆರಗಿನ ಮೇಲೆ ಬಿಳಿಯ ಗೋಪುರದ ಸಾಲುಗಳಿರುವ ವಿನ್ಯಾಸಕ್ಕೆ ‘ತೋಪ್ ತೆನಿ’ ಎಂಬ ಹೆಸರಿದೆ. ಇದರ ಜೊತೆಗೆ ಗುಳೇದಗುಡ್ಡದ ಖಣದ ಕುಪ್ಪಸ, ಮುಂದೆ ಗಂಟು ಕಟ್ಟುವ ಮಾದರಿಯದು.

ಧಾರವಾಡ ಸೀಮೆಯ ಕಸೂತಿ ಇದೇ ಸೀರೆಗಳ ಮೇಲೆ ಅರಳಿದ ಕಲೆ. ಗವಂತಿ, ಮುರಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ಗೋಪುರ, ತೇರು, ತುಳಸಿಕಟ್ಟೆ, ಆನೆ, ಪಲ್ಲಕ್ಕಿಗಳನ್ನು ಎಳೆ ಎಣಿಸಿ ಬಿಡಿಸುತ್ತಿದ್ದರು. ಗವಂತಿ ಮತ್ತು ಮುರಗಿಯಲ್ಲಿ ಗಂಟು ಇರುವುದಿಲ್ಲ. ಒಳಬದಿ ಹೊರಬದಿ ಎರಡೂ ಒಂದೇ ರೀತಿ ಕಾಣುತ್ತವೆ. ಹಳೆಯ ಕೈಕಸೂತಿಯನ್ನು ಪರೀಕ್ಷಿಸುವವರು ಸೀರೆಯನ್ನು ಮೊದಲು ಮಗುಚಿ ನೋಡುವುದು ಈ ಕಾರಣಕ್ಕಾಗಿಯೇ.

ಮೈಸೂರು ಭಾಗದ ಮನೆಗಳಲ್ಲಿ ಈ ಕಾಲಕ್ಕೆ ಮೈಸೂರು ರೇಷ್ಮೆ ಕಾಣಿಸಿಕೊಂಡಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ 1912ರಲ್ಲಿ ಸ್ಥಾಪನೆಯಾದ ರೇಷ್ಮೆ ನೇಯ್ಗೆ ಕಾರ್ಖಾನೆಯ ನುಣುಪಾದ ಕ್ರೇಪ್ ಬಟ್ಟೆ, ಸರಳವಾದ ಜರಿಯಂಚು ಇಂದಿಗೂ ಅದರ ಗುರುತು. ಇತ್ತ ರಾಜಮನೆತನಗಳಲ್ಲಿ ಫ್ರಾನ್ಸಿನ ಶಿಫಾನ್ ಸೀರೆಯ ಒಲವು ಹುಟ್ಟಿತು. ಬರೋಡಾದಲ್ಲಿ ಜನಿಸಿ ಕೂಚ್ ಬಿಹಾರದ ಮಹಾರಾಣಿಯಾದ ಇಂದಿರಾದೇವಿ ಅದನ್ನು ಜನಪ್ರಿಯಗೊಳಿಸಿದರು. ಗಂಡಸರ ಉಡುಪಿನಲ್ಲಿ ಕಚ್ಚೆ ಪಂಚೆ, ಕತ್ತು ಮುಚ್ಚಿದ ಕೋಟು, ತಲೆಗೆ ರುಮಾಲು, ಪೇಟ ಅಥವಾ ಕರಿ ಟೋಪಿ ಗೌರವದ ಲಕ್ಷಣವಾಗಿದ್ದವು. ಕರಾವಳಿಯಿಂದ ಬಂದು ಹೋಟೆಲುಗಳಲ್ಲಿ ದುಡಿದ ಬಂಧುಗಳದು ಮಾತ್ರ ಮುಂಡು, ಅಂಗಿ, ಹೆಗಲ ಮೇಲೊಂದು ಬೈರಾಸು.

ನಲವತ್ತರ ದಶಕ: ಖಾದಿ ಮತ್ತು ಬಟ್ಟೆಯ ಬರ

1921ರ ಜುಲೈ 31ರಂದು ಮುಂಬಯಿಯ ಪರೇಲ್‌ನಲ್ಲಿ ಗಾಂಧೀಜಿಯವರು ವಿದೇಶಿ ಬಟ್ಟೆಯ ರಾಶಿಗೆ ಬೆಂಕಿಯಿಟ್ಟ ದಿನದಿಂದಲೇ ಖಾದಿ ಉಡುಪು ಒಂದು ನಿಲುವಾಯಿತು. ನಲವತ್ತರ ದಶಕದ ಹೊತ್ತಿಗೆ ಬಿಳಿಯ ಜುಬ್ಬ, ಗಾಂಧಿ ಟೋಪಿ ಮಧ್ಯಮವರ್ಗದ ಮನೆಗಳಲ್ಲಿ ಸಾಮಾನ್ಯವಾದವು. ದ್ವಿತೀಯ ಮಹಾಯುದ್ಧದಲ್ಲಿ ಗಿರಣಿಗಳ ಉತ್ಪನ್ನದ ದೊಡ್ಡ ಪಾಲು ಸೈನ್ಯಕ್ಕೆ ಹೋದುದರಿಂದ ಬಟ್ಟೆಯ ಅಭಾವ ತೀವ್ರವಾಗಿ, ಸರಕಾರವು 1943ರಲ್ಲಿ ಬಟ್ಟೆ ಮತ್ತು ನೂಲಿನ ನಿಯಂತ್ರಣ ಆಜ್ಞೆಯನ್ನು ಹೊರಡಿಸಬೇಕಾಯಿತು. ಈ ಕಾಲದ ಬಟ್ಟೆಗಳಲ್ಲಿ ತೇಪೆ, ರಫು, ಎರಡು ಹಳೆಯ ಸೀರೆಗಳ ಗಟ್ಟಿ ಭಾಗಗಳನ್ನು ಸೇರಿಸಿ ಹೊಲಿದ ಜೋಡಣೆ ಕಂಡುಬಂದರೆ ಆಶ್ಚರ್ಯವಿಲ್ಲ. ಅಂಥ ತೇಪೆಯನ್ನು ಕೊರತೆಯೆಂದು ಎಣಿಸಬಾರದು. ಇತಿಹಾಸ ಇರುವುದು ಅಲ್ಲಿಯೇ.

ಒಂಬತ್ತು ಗಜದ ಕಚ್ಚೆ ಸೀರೆಯಿಂದ ಆರು ಗಜದ, ಲಂಗದ ಮೇಲೆ ಉಡುವ ಸೀರೆಗೆ ನಗರದ ವಿದ್ಯಾವಂತ ಮಹಿಳೆಯರು ಹೊರಳಿದ್ದು ಮೂವತ್ತು-ನಲವತ್ತರ ದಶಕಗಳಲ್ಲಿಯೇ. ಒಂದೇ ಮನೆಯ ಭಾವಚಿತ್ರದಲ್ಲಿ ಅತ್ತೆ ಕಚ್ಚೆಯಲ್ಲೂ ಸೊಸೆ ನಿರಿಗೆಯಲ್ಲೂ ನಿಂತಿದ್ದರೆ ಆ ಚಿತ್ರ ಈ ಸಂಧಿಕಾಲದ್ದಾಗಿರುವ ಸಂಭವ ಹೆಚ್ಚು.

ಐವತ್ತು ಮತ್ತು ಅರವತ್ತು: ವಾಯಲ್‌ನಿಂದ ನೈಲಾನಿಗೆ

ಸ್ವಾತಂತ್ರ್ಯಾನಂತರದ ಮೊದಲ ದಶಕ ಮುಂಬಯಿ ಗಿರಣಿಗಳ ಹತ್ತಿ ಬಟ್ಟೆಯದು. ತೆಳುವಾದ ವಾಯಲ್, ಹೂಗಳ ಅಚ್ಚು, ಮೊಣಕೈವರೆಗಿನ ರವಿಕೆ ತೋಳು ಅದರ ಲಕ್ಷಣಗಳು. ಗಂಡಸರಲ್ಲಿ ಯುದ್ಧಾನಂತರ ಬಂದ ಬುಷ್ ಶರ್ಟು, ಸೊಂಟದಲ್ಲಿ ನೆರಿಗೆಯಿರುವ ಸಡಿಲ ಪ್ಯಾಂಟು. ಆಮೇಲೆ ನೈಲಾನ್ ಬಂತು. ಇಸ್ತ್ರಿ ಬೇಡ, ಒಗೆದ ಗಂಟೆಯೊಳಗೆ ಒಣಗುತ್ತದೆ ಎಂಬ ಕಾರಣಕ್ಕೆ ಒಂದೇ ನಲ್ಲಿಯನ್ನು ಹತ್ತು ಮನೆಗಳು ಹಂಚಿಕೊಳ್ಳುತ್ತಿದ್ದ ಚಾಳುಗಳಲ್ಲಿ ಅದು ವರವೆನಿಸಿತು. ಮಳೆಗಾಲದ ಮುಂಬಯಿಯಲ್ಲಿ ಹತ್ತಿಯ ಸೀರೆ ಒಣಗಿಸಿದವರಿಗೆ ಇದರ ಅರ್ಥ ಬೇಗ ಆಗುತ್ತದೆ. ಅರವತ್ತರ ದಶಕದ ಮಧ್ಯಭಾಗದಿಂದ ‘ಟೆರೀನ್’ ಹೆಸರಿನ ಪಾಲಿಯೆಸ್ಟರ್ ನಾರು ನಮ್ಮ ದೇಶದಲ್ಲಿಯೇ ತಯಾರಾಗತೊಡಗಿತು.

ಈ ದಶಕದ ಉಡುಪಿನ ಮೇಲೆ ಚಲನಚಿತ್ರದ ಪ್ರಭಾವ ಅಪಾರ. ಕೊಲ್ಲಾಪುರದಲ್ಲಿ 1929ರಲ್ಲಿ ಜನಿಸಿದ ಭಾನು ಅಥಯ್ಯ ಅವರು ‘ವಕ್ತ್’ (1965) ಚಿತ್ರದಲ್ಲಿ ಸಾಧನಾ ಅವರಿಗಾಗಿ ರೂಪಿಸಿದ ಬಿಗಿಯಾದ ಚೂಡಿದಾರ-ಕುರ್ತಾ, ‘ಬ್ರಹ್ಮಚಾರಿ’ (1968) ಚಿತ್ರದಲ್ಲಿ ಮುಮ್ತಾಜ್ ಉಟ್ಟ ಮೈಗಂಟಿದ ಸೀರೆ ದೇಶದಾದ್ಯಂತ ದರ್ಜಿಗಳ ಕತ್ತರಿಯನ್ನು ಆಳಿದವು. ‘ಗಾಂಧಿ’ ಚಿತ್ರದ ವಸ್ತ್ರವಿನ್ಯಾಸಕ್ಕಾಗಿ 1983ರಲ್ಲಿ ಆಸ್ಕರ್ ಪಡೆದ ಇವರು 2020ರಲ್ಲಿ ನಿಧನರಾದರು. ತೋಳಿಲ್ಲದ ರವಿಕೆ, ಗಂಡಸರ ಕಿರಿದಾದ ಪ್ಯಾಂಟು ಅರವತ್ತರ ದಶಕದ ಸ್ಪಷ್ಟ ಗುರುತುಗಳು.

ಎಪ್ಪತ್ತು ಮತ್ತು ಎಂಬತ್ತು: ಬೆಲ್ ಬಾಟಮ್, ಸಫಾರಿ ಮತ್ತು ಮುಷ್ಕರ

1969ರ ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ದಕ್ಷಿಣ ಕನ್ನಡದ ಮಣ್ಣಿನಲ್ಲಿ ಹುಟ್ಟಿದ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳೂ ಅವುಗಳಲ್ಲಿದ್ದವು. ಶಾಖೆಗಳು ಹೆಚ್ಚಿದಂತೆ ನೌಕರಿ ಹಿಡಿದು ಮಹಾನಗರಗಳಿಗೆ ಬಂದ ಕನ್ನಡದ ಯುವಕರ ಮೊದಲ ಸಂಬಳದ ಉಡುಪು ಟೆರಿಕಾಟ್ ಪ್ಯಾಂಟು ಎಂದರೆ ಅತಿಶಯೋಕ್ತಿಯಲ್ಲ. ಉದ್ದ ಮೊನೆಯ ಕಾಲರು, ಪಾದ ಮುಚ್ಚುವ ಬೆಲ್ ಬಾಟಮ್, ಬಳಿಕ ಅಂಗಿ-ಪ್ಯಾಂಟು ಒಂದೇ ಬಟ್ಟೆಯ ಸಫಾರಿ ಸೂಟು. ನಾವು ಕೆಲಸಕ್ಕೆ ಸೇರಿದಾಗ ಹಿರಿಯ ಅಧಿಕಾರಿಗಳ ಮೈಮೇಲೆ ಸಫಾರಿ ಅಘೋಷಿತ ಸಮವಸ್ತ್ರದಂತೆ ಇನ್ನೂ ಉಳಿದಿತ್ತು. ಹೆಂಗಸರಲ್ಲಿ ದೊಡ್ಡ ಹೂಗಳ ಅಚ್ಚಿನ ಸಿಂಥೆಟಿಕ್ ಸೀರೆಗಳ ಕಾಲವದು. ವಿಮಲ್, ಗಾರ್ಡನ್ ವರೇಲಿ ಎಂಬ ಹೆಸರುಗಳು ಮನೆಮಾತಾದವು. ಕನ್ನಡದ ಮಟ್ಟಿಗೆ ‘ಶರಪಂಜರ’ (1971)ದ ನಾಯಕಿ ಕಲ್ಪನಾ ಅವರ ಉದ್ದ ತೋಳಿನ ರವಿಕೆಗಳನ್ನು ಅಂದಿನ ಯುವತಿಯರು ಇಂದಿಗೂ ನೆನೆಯುತ್ತಾರೆ.

1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಆರಂಭವಾದ ಮುಂಬಯಿ ಗಿರಣಿ ಕಾರ್ಮಿಕರ ಮುಷ್ಕರ ಸುಮಾರು ಎರಡೂವರೆ ಲಕ್ಷ ಕಾರ್ಮಿಕರನ್ನು ಒಳಗೊಂಡಿತ್ತು. ಆ ಬಳಿಕ ಹೆಚ್ಚಿನ ಗಿರಣಿಗಳು ಮೊದಲಿನಂತೆ ಚೇತರಿಸಿಕೊಳ್ಳಲಿಲ್ಲ. ಆದ್ದರಿಂದ ಮುಂಬಯಿ ಗಿರಣಿಯ ಮುದ್ರೆಯುಳ್ಳ ವಾಯಲ್, ಪಾಪ್ಲಿನ್, ಧೋತರಗಳು ಇಂದು ಮುಗಿದುಹೋದ ಒಂದು ಯುಗದ ಸಾಕ್ಷಿಗಳು. ಎಂಬತ್ತರ ದಶಕದಲ್ಲಿ ಉಬ್ಬು ತೋಳಿನ ರವಿಕೆ ಮರಳಿತು. 1991ರ ಉದಾರೀಕರಣದ ನಂತರ ಸಿದ್ಧ ಉಡುಪು, ಜೀನ್ಸ್, ಸಲ್ವಾರ್ ಕಮೀಜ್‌ಗಳು ಹರಡಿ ದರ್ಜಿಯ ಅಂಗಡಿಯ ಮಹತ್ವ ಕಡಿಮೆಯಾಯಿತು.

ಕಾಲವನ್ನು ಗುರುತಿಸುವ ಬಗೆ

ಬಟ್ಟೆಯ ಪ್ರಾಯ ಅಳೆಯಲು ತಜ್ಞರೇ ಬೇಕೆಂದಿಲ್ಲ. ಬ್ಯಾಂಕಿನ ಹಳೆಯ ಕಡತಗಳನ್ನು ನೋಡಿ ರೂಢಿಯಾದ ಕೆಲವು ಉಪಾಯಗಳು ಇಲ್ಲಿಯೂ ಉಪಯುಕ್ತವೆಂದು ನಾವು ಕಂಡುಕೊಂಡಿದ್ದೇವೆ. ಸೀರೆಯ ಪೆಟ್ಟಿಗೆ, ಬಿಲ್ಲು, ದರ್ಜಿಯ ಚೀಟಿ ಇವುಗಳನ್ನು ಬಿಸಾಡದೆ ಮೊದಲು ಓದಬೇಕು.

ಬೆಲೆ ಆಣೆಯಲ್ಲಿದ್ದರೆ ಅದು 1957ರ ಏಪ್ರಿಲ್ 1ಕ್ಕಿಂತ ಹಿಂದಿನದು ಅಥವಾ ಅದಕ್ಕೆ ಬಹಳ ಸಮೀಪದ್ದು. ‘ನಯೇ ಪೈಸೆ’ ಎಂದಿದ್ದರೆ 1957ರಿಂದ 1964ರ ನಡುವಿನದು. ಏಕೆಂದರೆ 1964ರ ಜೂನಿನಲ್ಲಿ ‘ನಯೇ’ ಎಂಬ ವಿಶೇಷಣವನ್ನು ಕೈಬಿಡಲಾಯಿತು. ಅಂಗಡಿಯ ವಿಳಾಸದಲ್ಲಿ ಆರು ಅಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ‘ಬಾಂಬೆ-14’ ಎಂಬಂತಿದ್ದರೆ ಬಹುತೇಕ ಅದಕ್ಕೂ ಹಿಂದಿನದು. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್ 1ಕ್ಕೆ ಮುಂಚಿನದು. ಅಂಗಡಿಯವರು ಹಳೆಯ ಚೀಟಿಗಳನ್ನು ಮುಗಿಯುವವರೆಗೂ ಬಳಸುತ್ತಿದ್ದರೆಂಬುದನ್ನು ನೆನಪಿಟ್ಟು ಒಂದೆರಡು ವರ್ಷಗಳ ರಿಯಾಯಿತಿ ಕೊಡಬೇಕು. ಸಿಲ್ಕ್ ಮಾರ್ಕ್ ಚೀಟಿ ಇದ್ದರೆ 2004ರ ನಂತರದ ಸೀರೆ. ಅದನ್ನು ‘ಅಜ್ಜಿಯ ಕಾಲದ್ದು’ ಎಂದು ಯಾರಾದರೂ ಮಾರಿದರೆ ನಂಬಬೇಕಾಗಿಲ್ಲ.

ನಾರಿನ ಪರೀಕ್ಷೆಗೆ ಅಂಚಿನಲ್ಲಿ ತಾನಾಗಿಯೇ ಬಿಚ್ಚಿಕೊಂಡ ಒಂದು ಎಳೆ ಸಾಕು. ಉರಿಸಿದಾಗ ಹತ್ತಿ ಕಾಗದದಂತೆ ಉರಿದು ಹಗುರವಾದ ಬೂದಿಯಾಗುತ್ತದೆ. ರೇಷ್ಮೆ ಕೂದಲು ಸುಟ್ಟ ವಾಸನೆ ಬೀರಿ ಕರಿಯ ಪುಡಿಯಾಗುತ್ತದೆ. ನೈಲಾನ್, ಪಾಲಿಯೆಸ್ಟರ್‌ಗಳು ಕರಗಿ ಗಟ್ಟಿ ಗುಂಡಾಗುತ್ತವೆ. ಜರಿಯನ್ನು ಒರೆದಾಗ ಹೊಂಬಣ್ಣದಡಿ ಬಿಳುಪು ಕಂಡರೆ ಬೆಳ್ಳಿ, ಕೆಂಪು ಕಂಡರೆ ತಾಮ್ರ. ಇಳಕಲ್ ಸೀರೆಯ ಸೆರಗು ಅಪ್ಪಟ ರೇಷ್ಮೆಯೋ, ‘ಚಮಕಾ’ ಎನ್ನುವ ಕೃತಕ ರೇಷ್ಮೆಯೋ ಎಂಬುದೂ ಈ ಎಳೆಯಿಂದಲೇ ತಿಳಿಯುತ್ತದೆ. ಕೃತಕ ರೇಷ್ಮೆ ಹತ್ತಿಯಂತೆ ಉರಿಯುತ್ತದೆ.

ನೋಡಲು ಎಲ್ಲಿಗೆ ಹೋಗಬೇಕು?

ಕೊಳ್ಳುವ ಮುನ್ನ ಕಣ್ಣನ್ನು ಪಳಗಿಸುವುದು ಲೇಸು. ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ್ ವಸ್ತುಸಂಗ್ರಹಾಲಯದಲ್ಲಿ ಜವಳಿಗಾಗಿಯೇ ಪ್ರತ್ಯೇಕ ವಿಭಾಗವಿದೆ. ಬೈಕಲಾದ ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದ ಮಣ್ಣಿನ ಪ್ರತಿಕೃತಿಗಳು ಹಳೆಯ ಬಾಂಬೆಯ ನಾನಾ ಸಮುದಾಯಗಳ ವೇಷಭೂಷಣವನ್ನು ತೋರಿಸುತ್ತವೆ. ದುರಸ್ತಿಯ ಕಾರಣ ಇಂಥ ಸಂಸ್ಥೆಗಳು ಆಗಾಗ ಮುಚ್ಚಿರುವುದುಂಟು. ವಿಚಾರಿಸಿಕೊಂಡು ಹೊರಡುವುದು ಉತ್ತಮ. ಪುಣೆಯವರಿಗೆ ರಾಜಾ ದಿನಕರ ಕೇಳ್ಕರ್ ವಸ್ತುಸಂಗ್ರಹಾಲಯ ಹತ್ತಿರವೇ ಇದೆ. ದಿನಕರ ಕೇಳ್ಕರರು ಎಳೆಯ ವಯಸ್ಸಿನಲ್ಲಿ ತೀರಿಕೊಂಡ ಮಗ ರಾಜಾನ ನೆನಪಿಗಾಗಿ ಜೀವಮಾನವಿಡೀ ಕೂಡಿಟ್ಟ ಮನೆಬಳಕೆಯ ವಸ್ತುಗಳ ಭಂಡಾರವದು.

ಚೆನ್ನೈ ಕನ್ನಡಿಗರು ಮುಟ್ಟುಕಾಡಿನ ದಕ್ಷಿಣಚಿತ್ರವನ್ನು ತಪ್ಪದೆ ನೋಡಬೇಕು. 1996ರಲ್ಲಿ ತೆರೆದ ಆ ಆವರಣದ ಕರ್ನಾಟಕ ವಿಭಾಗದಲ್ಲಿ ಇಳಕಲ್ ನೇಕಾರನ ಮನೆಯೇ ಇದೆ. ಹೈದರಾಬಾದಿನಲ್ಲಿ ಸಾಲಾರ್ ಜಂಗ್ ವಸ್ತುಸಂಗ್ರಹಾಲಯ, ದೆಹಲಿಯಲ್ಲಿ ಪ್ರಗತಿ ಮೈದಾನದ ಬಳಿಯ ಕರಕುಶಲ ವಸ್ತುಸಂಗ್ರಹಾಲಯ, ಅಹಮದಾಬಾದಿನಲ್ಲಿ 1949ರಲ್ಲಿ ಸಾರಾಭಾಯಿ ಕುಟುಂಬ ಸ್ಥಾಪಿಸಿದ ಕ್ಯಾಲಿಕೋ ಜವಳಿ ಸಂಗ್ರಹಾಲಯ, ಬೆಂಗಳೂರಿಗೆ ಹೋದಾಗ ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯ ನೋಡತಕ್ಕವು.

ಕೊಳ್ಳಲು ಎಲ್ಲಿಗೆ?

ಮುಂಬಯಿಯಲ್ಲಿ ಮಟನ್ ಸ್ಟ್ರೀಟಿನ ಚೋರ್ ಬಜಾರ್ ಹಳೆಯ ವಸ್ತುಗಳಿಗೆ ಹೆಸರುವಾಸಿ. ಕೋಟು, ಟೋಪಿ, ಹಿತ್ತಾಳೆಯ ಗುಂಡಿ, ಕಸೂತಿಯ ಪಟ್ಟಿ ತಾಳ್ಮೆಯಿಂದ ಹುಡುಕಿದರೆ ಸಿಕ್ಕೀತು. ಪುಣೆಯ ಜುನಾ ಬಾಜಾರಿನದೂ ಇದೇ ಬಗೆ. ದೆಹಲಿಯಲ್ಲಿ ರಘುಬೀರ್ ನಗರದ ಹಳೆಬಟ್ಟೆಯ ಸಂತೆ ಬೆಳಗಿನ ಜಾವ, ಸೂರ್ಯೋದಯಕ್ಕೆ ಮೊದಲೇ ನೆರೆಯುತ್ತದೆ. ಮನೆಮನೆಯಲ್ಲಿ ಪಾತ್ರೆ ಕೊಟ್ಟು ಬಟ್ಟೆ ಪಡೆಯುವ ವಾಘ್ರಿ ಸಮುದಾಯದ ಹೆಂಗಸರು ತಂದ ಗಂಟುಗಳು ಅಲ್ಲಿ ಬಿಚ್ಚಿಕೊಳ್ಳುತ್ತವೆ. ಜನಪಥ್‌ನ ಗುಜರಾತಿ ಸಾಲಿನಲ್ಲಿ ಹಳೆಯ ಕಸೂತಿಯ ತುಂಡುಗಳನ್ನು ಜೋಡಿಸಿದ ಹೊದಿಕೆ, ಚೀಲಗಳು ದೊರೆಯುತ್ತವೆ. ಅಂತರ್ಜಾಲದಲ್ಲಿ ಹಳೆಯ ಸೀರೆ ಮಾರುವವರೂ ಈಗ ಬಹಳ ಮಂದಿ. ಅವರಿಂದ ಕೊಳ್ಳುವಾಗ ಹಗಲು ಬೆಳಕಿನ ಚಿತ್ರ, ಹಿಂಬದಿಯ ಚಿತ್ರ, ಮಡಿಕೆಯ ಚಿತ್ರ ಈ ಮೂರನ್ನೂ ಕೇಳಬೇಕು. ಹಳೆಯ ರೇಷ್ಮೆ ಮೊದಲು ಬಿರಿಯುವುದು ಮಡಿಕೆಯಲ್ಲಿ.

ಹಳೆಯದೇ ಬೇಕೆಂಬ ಹಟವಿಲ್ಲದೆ ಹಳೆಯ ಮಾದರಿ ಸಾಕೆನ್ನುವವರಿಗೆ ನೇಕಾರರ ಬಳಿಯೇ ಹೋಗುವುದು ಶ್ರೇಯಸ್ಕರ. ಕಿನ್ನಿಗೋಳಿ ಸಮೀಪದ ತಾಳಿಪಾಡಿಯ ನೇಕಾರರ ಸಹಕಾರಿ ಸಂಘದಲ್ಲಿ ಉಡುಪಿ ಸೀರೆ ಮತ್ತೆ ಜೀವ ಪಡೆದಿದೆ. ಗಜೇಂದ್ರಗಡದ ‘ಪಟ್ಟೇದ ಅಂಚು’ ಸೀರೆ ಬಹುತೇಕ ಮರೆಯಾಗಿತ್ತು. ಯಾರೋ ಜೋಪಾನವಾಗಿ ಇಟ್ಟಿದ್ದ ಹಳೆಯ ಸೀರೆಯ ಮಾದರಿ ಹಿಡಿದು ಅದನ್ನು ಮರಳಿ ನೇಯಲಾಯಿತು. ಒಂದು ಸೀರೆ ಉಳಿದರೆ ಒಂದು ನೇಯ್ಗೆ ಉಳಿಯಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಜರಿಯ ಲೆಕ್ಕ

‘ಹಳೆಯ ಜರಿ ಸೀರೆ ಕೊಳ್ಳುತ್ತೇವೆ’ ಎಂಬ ಫಲಕ, ಜಾಹೀರಾತುಗಳನ್ನು ನಾವೆಲ್ಲ ಕಂಡಿದ್ದೇವೆ. ಅಲ್ಲಿ ಕೊಂಡ ಸೀರೆಗಳಲ್ಲಿ ಬಹಳಷ್ಟರ ಗತಿ ಬೆಂಕಿ; ಸುಟ್ಟು ಬೆಳ್ಳಿಯನ್ನು ಬೇರ್ಪಡಿಸುತ್ತಾರೆ. ಅಪ್ಪಟ ಜರಿಯೆಂದರೆ ರೇಷ್ಮೆಯ ಎಳೆಗೆ ಸುತ್ತಿದ ಬೆಳ್ಳಿಯ ತಂತಿ, ಅದರ ಮೇಲೆ ಚಿನ್ನದ ತೆಳು ಲೇಪ. ಮೈಸೂರು ರೇಷ್ಮೆ ಸೀರೆಗಳ ಜರಿಯಲ್ಲಿ ಬೆಳ್ಳಿಯ ಅಂಶ ಶೇ. 65 ಇದ್ದರೆ ಚಿನ್ನ ಕೇವಲ ಶೇ. 0.65. ಅಂದರೆ ಕೈಗೆ ಬರುವುದು ಬೆಳ್ಳಿಯ ಬೆಲೆ, ಅದೂ ಸುಡುವ ನಷ್ಟ ಮತ್ತು ವ್ಯಾಪಾರಿಯ ಲಾಭ ಕಳೆದ ಮೇಲೆ. ಚಿನ್ನದ ಸೀರೆ ಮಾರುತ್ತಿದ್ದೇವೆಂಬ ಭಾವನೆ ಬರಿಯ ಭ್ರಮೆ.

ಕಷ್ಟಕಾಲದಲ್ಲಿ ಮಾರಬೇಕಾದವರನ್ನು ನಾವು ಆಕ್ಷೇಪಿಸಲಾರೆವು. ಹಿಂದಿನವರು ಬೆಲೆಬಾಳುವ ಸೀರೆ ಕೊಂಡದ್ದು ಅದು ಆಪತ್ತಿಗೆ ಆದೀತೆಂಬ ಲೆಕ್ಕದಿಂದಲೂ ಹೌದು. ಆದರೆ ಕೇವಲ ಕಪಾಟಿನಲ್ಲಿ ಜಾಗವಿಲ್ಲವೆಂಬ ಕಾರಣಕ್ಕೆ ಮಾರುವವರು ಒಂದು ಮಾತು ಯೋಚಿಸಬೇಕು. ಒಡವೆ ಕರಗಿಸಿದರೆ ಚಿನ್ನ ಉಳಿಯುತ್ತದೆ. ಸೀರೆ ಸುಟ್ಟರೆ ನೇಯ್ಗೆ ಉಳಿಯುವುದಿಲ್ಲ. ಮಾರಲೇಬೇಕಾದರೆ ಸುಡುವವರಿಗಿಂತ ಉಡುವವರಿಗೆ ಮಾರುವುದು ಮೇಲು. ಬೆಲೆಯೂ ಹಲವು ವೇಳೆ ಹೆಚ್ಚೇ ಸಿಗುತ್ತದೆ. ಕನಿಷ್ಠ ಪಕ್ಷ ಸೆರಗು, ಅಂಚು, ಮೈ ಮೂರರ ಸ್ಪಷ್ಟ ಛಾಯಾಚಿತ್ರವನ್ನಾದರೂ ತೆಗೆದಿಟ್ಟುಕೊಳ್ಳಬೇಕು.

ಉಳಿಸುವ ಬಗೆ

ಒಡವೆಯನ್ನು ಲಾಕರಿನಲ್ಲಿಟ್ಟು ಸೀರೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಇಡುವವರೇ ನಮ್ಮಲ್ಲಿ ಹೆಚ್ಚು. ಪ್ಲಾಸ್ಟಿಕ್ ತೇವವನ್ನು ಹಿಡಿದಿಡುತ್ತದೆ. ಕರಾವಳಿಯ ನಗರಗಳ ಮಳೆಗಾಲಕ್ಕೆ ಅದು ಹೇಳಿಸಿದ್ದಲ್ಲ. ಒಗೆದು ಮೆತ್ತಗಾದ ಬಿಳಿಯ ಹತ್ತಿಬಟ್ಟೆಯಲ್ಲಿ, ಹಳೆಯ ಪಂಚೆಯಾದರೂ ಸರಿ, ಸುತ್ತಿಡಬೇಕು. ಮೂರು ನಾಲ್ಕು ತಿಂಗಳಿಗೊಮ್ಮೆ ಬಿಚ್ಚಿ, ನೆರಳಿನಲ್ಲಿ ಗಾಳಿಗೆ ಹರಡಿ, ಬೇರೆ ಗೆರೆಯಲ್ಲಿ ಮಡಿಸಬೇಕು. ನುಸಿಗುಳಿಗೆ ಜರಿಗೆ ತಾಗಬಾರದು. ಅದರ ಬದಲು ಒಣಗಿದ ಬೇವಿನ ಎಲೆಯನ್ನೋ ಲವಂಗವನ್ನೋ ಪುಟ್ಟ ಚೀಲದಲ್ಲಿ ಕಟ್ಟಿ ಮೂಲೆಯಲ್ಲಿಡಬಹುದು. ಭಾರವಾದ ಹಳೆಯ ರೇಷ್ಮೆಯನ್ನು ತೂಗುಹಾಕಬಾರದು. ಉಡಲಾಗದಷ್ಟು ಜೀರ್ಣವಾದ ಹತ್ತಿಯ ಸೀರೆಗಳಿಗೆ ನಮ್ಮ ಹಿರಿಯರೇ ದಾರಿ ತೋರಿದ್ದಾರೆ. ಕೌದಿ ಹೊಲಿದರೆ ನಾಲ್ಕು ತಲೆಮಾರಿನ ಬಟ್ಟೆ ಒಂದೇ ಹೊದಿಕೆಯಲ್ಲಿ ಉಳಿಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಕೆಲಸಕ್ಕೆ ಖರ್ಚೇ ಇಲ್ಲ. ಒಂದು ಬಿಳಿಯ ಬಟ್ಟೆಯ ಪಟ್ಟಿಯ ಮೇಲೆ ಪೆನ್ಸಿಲಿನಿಂದ ಸೀರೆ ಯಾರದು, ಯಾವ ಊರಿನದು, ಯಾವ ಸಂದರ್ಭಕ್ಕೆ, ಯಾವ ವರ್ಷ ಕೊಂಡದ್ದು ಎಂದು ಬರೆದು ಹೊದಿಕೆಗೆ ಹೊಲಿದಿಡುವುದು. ಈ ವಿವರ ಬಲ್ಲವರು ಇಂದು ಎಂಬತ್ತು ದಾಟಿದವರು. ಅವರು ಹೇಳಬಲ್ಲ ಸ್ಥಿತಿಯಲ್ಲಿರುವಾಗಲೇ ಕೇಳಿ ಬರೆದುಕೊಳ್ಳದಿದ್ದರೆ ಸೀರೆ ಉಳಿದರೂ ಅದರ ಹೆಸರು ಉಳಿಯದು. ನಮ್ಮ ಕನ್ನಡ ಸಂಘಗಳು ರಾಜ್ಯೋತ್ಸವದಂಥ ಸಂದರ್ಭದಲ್ಲಿ ಸದಸ್ಯರ ಮನೆಗಳ ಹಳೆಯ ಉಡುಪುಗಳನ್ನು ಒಂದು ದಿನದ ಮಟ್ಟಿಗೆ ಮೇಜಿನ ಮೇಲೆ ಹರಡಿ, ಹಿರಿಯರಿಂದ ವಿವರಣೆ ಕೊಡಿಸಿದರೆ ವೆಚ್ಚ ಅಲ್ಪ, ಫಲ ಬಹಳ. ಅದಕ್ಕೂ ಮೊದಲು, ಈ ರಜಾದಿನಗಳಲ್ಲಿ ಓದುಗ ಬಂಧುಗಳು ತಂತಮ್ಮ ಮನೆಯ ಅಟ್ಟದ ಮೇಲಿನ ಟ್ರಂಕನ್ನು ಒಮ್ಮೆ ಕೆಳಗಿಳಿಸಿ ಬಿಚ್ಚಿ ನೋಡಲಿ ಎಂಬುದು ನಮ್ಮ ವಿನಂತಿ.